ಭಾವನವರ ಕಾಂಟೆಸ್ಸಾ ಮತ್ತು ಅದರ ಲೆಕ್ಕದ ಪುಸ್ತಕ

ಬಸವನಗುಡಿಯ ನನ್ನ ಅಕ್ಕನ ಮನೆಗೆ ಹೋಗಿಬಂದಿರುವ ಬಂಧುಗಳಿಗೆಲ್ಲ ಅಲ್ಲಿಯ ಪೋರ್ಟಿಕೋದಲ್ಲಿ ನಿಂತಿರುವ ಬಿಳಿಯ ಕಾಂಟೆಸ್ಸಾ ಕಾರಿನ ಪರಿಚಯವುಂಟು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೂ ಅದರ ನೆನಪಿರಬಹುದು. ಅಂತರಶಾಲಾ ಚರ್ಚಾಸ್ಪರ್ಧೆಗಳಿಗೆ ಮಕ್ಕಳನ್ನು ಕರೆದೊಯ್ಯಬೇಕಾದಾಗ ಎಷ್ಟೋ ಸಲ ಭಾವನವರೇ ಸಾರಥ್ಯ ವಹಿಸಿದ್ದರು. ಹಿಂದಿನ ಸೀಟಿನಲ್ಲಿ ನಾಲ್ವರು ಹುಡುಗರು ಒತ್ತಿಕೊಂಡು ಕುಳಿತರೂ ಕಾಲಿಗೆ ಜಾಗ ಮಿಗುತ್ತಿತ್ತು. ಹಿಂದಿರುಗುವಾಗ ಗಾಂಧಿಬಜಾರಿನಲ್ಲಿ ದೋಸೆ ಕೊಡಿಸುವುದೂ ಅವರದೇ ಕಟ್ಟಲೆ.

ಆ ಕಾರು 1991ರಲ್ಲಿ ಮನೆಗೆ ಬಂದದ್ದು. ನಮ್ಮ ಮೋಟಾರು ವಾಹನ ಕಾಯಿದೆಯಂತೆ ಖಾಸಗಿ ಕಾರಿನ ನೋಂದಣಿಗೆ ಮೊದಲು 15 ವರ್ಷದ ಆಯುಸ್ಸು, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಹಾಗೆ 2006, 2011, 2016, 2021 ಎಂದು ನಾಲ್ಕು ಬಾರಿ ಅದು ಪರೀಕ್ಷೆ ಪಾಸಾಗಿದೆ. ಐದನೆಯದು 2026ರದು. ಈ ಸಲ ಅದನ್ನು ಪರೀಕ್ಷೆಗೆ ಕೂರಿಸಬೇಕೆ ಬೇಡವೆ ಎಂಬ ಪ್ರಶ್ನೆ ಮನೆಯಲ್ಲಿ ಎದ್ದು, ಪಂಚಾಯಿತಿಗೆ ನನ್ನನ್ನು ಕರೆದರು. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಸಮಾಜ ವಿಜ್ಞಾನ ಪಾಠ ಹೇಳಿದವನು. ತೀರ್ಪು ಕೊಡುವ ಮೊದಲು ಪೂರ್ವಕಥೆಯನ್ನು ಕೆದಕುವುದು ನನ್ನ ಹಳೆಯ ಚಾಳಿ. ಈ ಬರಹ ಹುಟ್ಟಿದ್ದು ಹಾಗೆ.

ಮೊದಲು ಊರಿನ ಮಾತು. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡ ಬಡಾವಣೆ. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ನಂತರ ಬೆಳೆದಂಥವು. ಅಗಲವಾದ ನೇರ ರಸ್ತೆ, ಮನೆಯ ಸುತ್ತ ಗಾಳಿ ಬೆಳಕು, ಹಿಂದೊಂದು ಕಿರುಗಲ್ಲಿ, ಇದು ಅವುಗಳ ವಿನ್ಯಾಸ. ಆಗ ರಸ್ತೆಯಲ್ಲಿದ್ದದ್ದು ಜಟಕಾ ಮತ್ತು ಎತ್ತಿನ ಗಾಡಿ. ಕಾರು ನಿಲ್ಲಿಸುವ ಜಾಗವನ್ನು ಆ ಮನೆಗಳ ನಕ್ಷೆಯಲ್ಲಿ ಯಾರೂ ಬರೆದಿರಲಿಲ್ಲ. ಆಮೇಲೆ ಕಾರು ಕೊಂಡವರು ಹೂವಿನ ಪಾತಿಯನ್ನೋ ತುಳಸಿಕಟ್ಟೆಯನ್ನೋ ಪಕ್ಕಕ್ಕೆ ಸರಿಸಿ ಅದಕ್ಕೆ ಜಾಗ ಮಾಡಬೇಕಾಯಿತು. ಅಕ್ಕನ ಮನೆಯಲ್ಲಿ ಹೋದದ್ದು ಒಂದು ದಾಸವಾಳದ ಗಿಡ. ಅಕ್ಕ ಅದನ್ನು ಇನ್ನೂ ಮರೆತಿಲ್ಲ.

ಎರಡನೆಯದು ಕಾರಿನ ಮಾತು. ಬೆಂಗಳೂರಿಗೂ ಮೋಟಾರು ತಯಾರಿಕೆಗೂ ಇರುವ ನಂಟು ಬಿಡದಿಯ ಟೊಯೋಟಾದಿಂದ ಶುರುವಾದದ್ದೆಂದು ಈಗಿನವರು ತಿಳಿದಿದ್ದಾರೆ. ಅದಕ್ಕೆ ಆರು ದಶಕಗಳ ಹಿಂದೆಯೇ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು, ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು, ಭಾರತದಲ್ಲೇ ಕಾರು ತಯಾರಿಸುವ ಯೋಜನೆಯನ್ನು ರೂಪಿಸಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದಕ್ಕೆ ಕೈಜೋಡಿಸಿದರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸಂಸ್ಥಾನವೂ ಆಸಕ್ತಿ ತೋರಿತು. ಯುದ್ಧಕಾಲದ ಬ್ರಿಟಿಷ್ ಸರ್ಕಾರ ಮಾತ್ರ ಬೆಂಬಲ ಕೊಡಲಿಲ್ಲ. ಕಾರಿನ ಕನಸು ಹಾಗೆ ನಿಂತಿತು; ಅದೇ ವಾಲ್‌ಚಂದರು 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಕಟ್ಟಿದರು. ಕಾರು ಬರಬೇಕಾದ ಊರಿಗೆ ವಿಮಾನ ಬಂತು. ಅವರ ಕಾರು ಕಾರ್ಖಾನೆಯಾದ ಪ್ರೀಮಿಯರ್ ಆಟೋಮೊಬೈಲ್ಸ್ 1944ರಲ್ಲಿ ಮುಂಬಯಿಯ ಪಾಲಾಯಿತು. ಬಿರ್ಲಾ ಮನೆತನದ ಹಿಂದೂಸ್ಥಾನ್ ಮೋಟಾರ್ಸ್ 1942ರಲ್ಲಿ ಆರಂಭವಾಗಿ ಆಮೇಲೆ ಬಂಗಾಳದ ಉತ್ತರಪಾರಾದಲ್ಲಿ ನೆಲೆಸಿತು.

1953ರಲ್ಲಿ ಸುಂಕ ಆಯೋಗದ ವರದಿ ಬಂತು. ಹೊರದೇಶದ ಬಿಡಿಭಾಗ ತರಿಸಿ ಇಲ್ಲಿ ಜೋಡಿಸಿ ಮಾರುವವರಿಗೆ ಇನ್ನು ಅವಕಾಶವಿಲ್ಲ, ಇಲ್ಲಿಯೇ ತಯಾರಿಸುವವರು ಮಾತ್ರ ಉಳಿಯಬಹುದು ಎಂಬುದು ಅದರ ಸಾರ. ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಗಂಟುಮೂಟೆ ಕಟ್ಟಿದವು. ಉಳಿದ ಮೂರು ಮುಖ್ಯ ಹೆಸರುಗಳೇ ನಮ್ಮ ಬಾಲ್ಯದ ತ್ರಿಮೂರ್ತಿಗಳು: ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯ ಅಂಬಾಸಡರ್, ಮುಂದೆ ಪದ್ಮಿನಿಯಾದ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯಬೇಕಿದ್ದ ಕಾಲ ಅದು.

ಈ ಹಿನ್ನೆಲೆಯನ್ನು ಹೇಳಿದ್ದಕ್ಕೆ ಕಾರಣವಿದೆ. ಹೊಸದು ಸುಲಭವಾಗಿ ಸಿಗದ ನಾಡಿನಲ್ಲಿ ಹಳೆಯದನ್ನು ಉಳಿಸಿಕೊಳ್ಳುವುದೇ ವಿದ್ಯೆಯಾಗುತ್ತದೆ. ನಾನು ಹುಡುಗನಾಗಿದ್ದಾಗ ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ವಕೀಲರೊಬ್ಬರ ಅಂಬಾಸಡರ್ ಇತ್ತು. ಚಳಿಗಾಲದ ಬೆಳಿಗ್ಗೆ ಅದು ಸ್ಟಾರ್ಟ್ ಆಗದಿದ್ದರೆ ಬೀದಿಯ ಹುಡುಗರೆಲ್ಲ ಸೇರಿ ತಳ್ಳುತ್ತಿದ್ದೆವು. ವಕೀಲರು ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಡುತ್ತಿದ್ದಂತೆ ಗಾಡಿ ಒಮ್ಮೆ ಬಿಕ್ಕಿ ಎಚ್ಚರಗೊಳ್ಳುತ್ತಿತ್ತು. ನಮ್ಮ ಕೂಲಿ ತಲಾ ಒಂದು ಪೆಪ್ಪರಮಿಂಟು.

ಅಂಬಾಸಡರ್ ಆ ಕಾಲದ ‘ಸಾಹೇಬರ ಕಾರು’. ಮಂತ್ರಿಗಳು, ಜಿಲ್ಲಾಧಿಕಾರಿಗಳು, ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ ಮೊದಲಾದ ಕಾರ್ಖಾನೆಗಳ ಹಿರಿಯ ಅಧಿಕಾರಿಗಳು ಅದರ ಹಿಂದಿನ ಸೀಟಿನಲ್ಲಿ ಬಿಳಿಯ ಟವೆಲ್ಲಿಗೆ ಒರಗಿ ಸಾಗುತ್ತಿದ್ದುದನ್ನು ನಾವೆಲ್ಲ ಕಂಡಿದ್ದೇವೆ. 1984ರಲ್ಲಿ ಅದೇ ಹಿಂದೂಸ್ಥಾನ್ ಮೋಟಾರ್ಸ್ ಕಾಂಟೆಸ್ಸಾವನ್ನು ತಂದಾಗ ಸಾಹೇಬರ ಅಂತಸ್ತು ಒಂದು ಮೆಟ್ಟಿಲು ಏರಿತು. ಬ್ರಿಟನ್ನಿನಲ್ಲಿ ಎಪ್ಪತ್ತರ ದಶಕದಲ್ಲಿ ತಯಾರಾಗುತ್ತಿದ್ದ ವಾಕ್ಸ್‌ಹಾಲ್ ಕಾರಿನ ಅಚ್ಚುಗಳನ್ನು ಕೊಂಡುತಂದು ಮಾಡಿದ ಗಾಡಿ ಅದು. ಎಂದರೆ, ನಮ್ಮಲ್ಲಿ ಹೊಸದಾಗಿ ಹುಟ್ಟಿದಾಗಲೇ ಅದಕ್ಕೆ ವಯಸ್ಸಾಗಿತ್ತು. ಮೊದಲಿಗೆ ಅದಕ್ಕೆ ಅಂಬಾಸಡರಿನ 1489 ಸಿ.ಸಿ. ಎಂಜಿನ್ನನ್ನೇ ಕೂರಿಸಿದರು. ದೊಡ್ಡ ದೇಹಕ್ಕೆ ಅದು ಸಾಲದಾಯಿತು. ಆಮೇಲೆ ಜಪಾನಿನ ಇಸುಜು ಕಂಪೆನಿಯ ಸಹಯೋಗದಲ್ಲಿ 1.8 ಲೀಟರಿನ ಎಂಜಿನ್ನು, ಐದು ಗೇರುಗಳು ಬಂದು ‘ಕಾಂಟೆಸ್ಸಾ ಕ್ಲಾಸಿಕ್’ ಆಯಿತು. ಬ್ರಿಟಿಷ್ ದೇಹ, ಜಪಾನೀ ಹೃದಯ, ಬಂಗಾಳದ ಜನ್ಮ. ಭಾವನವರು ಕೊಂಡದ್ದು ಇದನ್ನು.

ಸಾರ್ವಜನಿಕ ವಲಯದ ಒಂದು ಕಾರ್ಖಾನೆಯಲ್ಲಿ ಭಾವನವರು ಅಧಿಕಾರಿ. ಕಾರು ಬಂದ ದಿನವೇ ಅವರು ಒಂದು ಉದ್ದನೆಯ ಲೆಕ್ಕದ ಪುಸ್ತಕವನ್ನು ತೆರೆದರು. ಹಾಕಿದ ಪೆಟ್ರೋಲು, ಓಡಿದ ದೂರ, ಬದಲಿಸಿದ ಭಾಗ, ಮೇಸ್ತ್ರಿಗೆ ಕೊಟ್ಟ ಕೂಲಿ, ಎಲ್ಲವೂ ದಿನಾಂಕದೊಡನೆ ಅದರಲ್ಲಿವೆ. ಪಂಚಾಯಿತಿಗೆ ಹೋದ ನಾನು ಮೊದಲು ಕೇಳಿದ್ದು ಆ ಪುಸ್ತಕವನ್ನು. ಎರಡು ಮಧ್ಯಾಹ್ನ ಕುಳಿತು ಓದಿದೆ. ಮುಪ್ಪಾಗುತ್ತಿರುವ ಕಾರಿನ ಜೊತೆ ಒಂದು ಸಂಸಾರ ಹೇಗೆ ಬಾಳಿತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆಯನ್ನು ನಾನು ಕಂಡಿಲ್ಲ.

ಮೊದಲ ಐದಾರು ವರ್ಷದ ಪುಟಗಳಲ್ಲಿ ಹೆಚ್ಚಿಗೆ ಏನೂ ಇಲ್ಲ. ಆಯಿಲ್ ಬದಲಾವಣೆ, ಮೈಕೋ ಪ್ಲಗ್ಗು, ಟೈರು. ಆ ಪ್ಲಗ್ಗು ನಮ್ಮ ಆಡುಗೋಡಿಯ ಕಾರ್ಖಾನೆಯ ಹೆಸರನ್ನು ಹೊತ್ತದ್ದು ಎಂಬ ಹೆಮ್ಮೆ ಭಾವನವರಿಗೆ. ನಂತರ ‘ಒಸರು’, ‘ಸವೆತ’, ‘ತುಕ್ಕು’ ಎಂಬ ಮೂರು ಪದಗಳು ಮತ್ತೆ ಮತ್ತೆ ಬರುತ್ತವೆ. ತುಕ್ಕಿಗೆ ಕಾರಣ ಬಸವನಗುಡಿಯ ಮರಗಳೇ. ಮುಂದಿನ ಗಾಜಿನ ಕೆಳಗೆ ಮಳೆನೀರು ಹರಿದುಹೋಗಲು ಇರುವ ಸಣ್ಣ ರಂಧ್ರಗಳಲ್ಲಿ ಎಲೆ, ಹೂವು ಸೇರಿ ಕೊಳೆತು, ನೀರು ಒಳಗೇ ನಿಂತು ತಗಡನ್ನು ತಿನ್ನುತ್ತದೆ. ಇದನ್ನು ಕಂಡುಕೊಂಡ ಮೇಲೆ ಪ್ರತಿ ಭಾನುವಾರ ಒಂದು ಪೊರಕೆಕಡ್ಡಿ ಹಿಡಿದು ಆ ರಂಧ್ರಗಳನ್ನು ಬಿಡಿಸುವುದು ಭಾವನವರ ನಿತ್ಯಕರ್ಮಗಳಲ್ಲಿ ಒಂದಾಯಿತು. ನೆರೆಹೊರೆಯವರು ಅದನ್ನು ‘ಕಾರಿನ ಅಭ್ಯಂಜನ’ ಎನ್ನುತ್ತಿದ್ದರು.

1997ರ ಒಂದು ಪುಟದಲ್ಲಿ ಕೆಂಪು ಶಾಯಿ ಇದೆ. ಬ್ರೇಕಿನ ರಬ್ಬರು ಸವೆದಿದೆ, ಕೂಡಲೇ ಬದಲಿಸಬೇಕೆಂದು ಮೇಸ್ತ್ರಿ ಹೇಳಿದ್ದ. ದೀಪಾವಳಿಯ ಖರ್ಚು ಕಳೆಯಲಿ ಎಂದು ಭಾವನವರು ಮುಂದಕ್ಕೆ ಹಾಕಿದರು. ಬ್ಯೂಗಲ್ ರಾಕ್ ಪಕ್ಕದ ಇಳಿಜಾರಿನಲ್ಲಿ ಒಂದು ಸಂಜೆ ಪೆಡಲು ನೆಲಕ್ಕೆ ಮುಟ್ಟಿತು, ಗಾಡಿ ನಿಲ್ಲಲಿಲ್ಲ. ಒಳಗೆ ಅಕ್ಕ, ಇಬ್ಬರು ಮಕ್ಕಳು, ನಮ್ಮ ತಾಯಿ. ಗೇರು ಇಳಿಸಿ, ಕೈಬ್ರೇಕು ಎಳೆದು, ಪಕ್ಕದ ಮಣ್ಣಿನ ದಿಬ್ಬಕ್ಕೆ ತಾಗಿಸಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಪುಸ್ತಕದಲ್ಲಿ ಖರ್ಚಿನ ಅಂಕಿಯ ಮುಂದೆ ಎರಡೇ ಪದಗಳಿವೆ: ‘ತಪ್ಪು ನನ್ನದು.’ ಹಳೆಯ ಕಾರನ್ನು ಪ್ರೀತಿಸುತ್ತೇವೆ ಎನ್ನುವವರು ಈ ಪುಟವನ್ನು ಓದಬೇಕು. ಹಳೆಯ ಯಂತ್ರ ಕೇಳುವುದನ್ನು ಕೇಳಿದ ದಿನ ಕೊಡಲಾರದವನಿಗೆ ಅದನ್ನು ಇಟ್ಟುಕೊಳ್ಳುವ ಹಕ್ಕಿಲ್ಲ.

ಪುಸ್ತಕದ ಮುಕ್ಕಾಲು ಪಾಲು ಮೇಸ್ತ್ರಿಯ ಚರಿತ್ರೆಯೂ ಹೌದು. ಅವನು ಕಲಾಸಿಪಾಳ್ಯದ ಒಂದು ಷೆಡ್ಡಿನಲ್ಲಿ ಕೈಹುಡುಗನಾಗಿ ಸೇರಿ ಕೆಲಸ ಕಲಿತವನು. ಎಂಜಿನ್ನಿಗೆ ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಯಾವ ವಾಲ್ವು ಸಡಿಲವಾಗಿದೆಯೆಂದು ಹೇಳುತ್ತಿದ್ದ. ವೈದ್ಯರು ಎದೆ ಪರೀಕ್ಷಿಸುವ ಹಾಗೆಯೇ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿ, ಲೇತ್ ಯಂತ್ರದ ಸಣ್ಣ ಕಾರ್ಯಾಗಾರ, ಟಿಂಕರಿಂಗಿನವನು, ರೇಡಿಯೇಟರ್ ಬೆಸುಗೆಯವನು, ಸೀಟು ಹೊಲಿಯುವವನು, ಇವರೆಲ್ಲರ ನಡುವಿನ ದಾರಿ ಅವನಿಗೆ ಬಾಯಿಪಾಠ.

2002ರಲ್ಲಿ ಕಾಂಟೆಸ್ಸಾ ತಯಾರಿಕೆ ನಿಂತಾಗ ಭಾವನವರು ಕಂಗಾಲಾದರು. ಮೇಸ್ತ್ರಿ ಸಮಾಧಾನ ಹೇಳಿದ: ‘ಹೆದ್ರಬೇಡಿ ಸಾರ್, ಇದರ ಎಂಜಿನ್ ಅಂಬಾಸಡರಲ್ಲೂ ಐತೆ.’ ಅವನ ಮಾತು ನಿಜ. 1993ರಿಂದ ಅಂಬಾಸಡರಿಗೂ ಅದೇ ಇಸುಜು 1.8 ಎಂಜಿನ್ನು ಹಾಕುತ್ತಿದ್ದರು. ಅಂಬಾಸಡರ್ 2014ರ ಮೇ ತಿಂಗಳವರೆಗೂ ತಯಾರಾಯಿತು. ಆದ್ದರಿಂದ ಕಾಂಟೆಸ್ಸಾದ ಹೃದಯಕ್ಕೆ ಬೇಕಾದ ಭಾಗಗಳು ಸಿಗುತ್ತಲೇ ಇದ್ದವು. ಸಿಗದಾದದ್ದು ಮೈಗೆ ಬೇಕಾದವು: ಗಾಜು, ಹಿಂದಿನ ದೀಪ, ಬಾಗಿಲಿನ ರಬ್ಬರು ಪಟ್ಟಿ. 2009ರಲ್ಲಿ ಹಿಂದಿನ ದೀಪದ ಒಂದು ಕೆಂಪು ಗಾಜಿಗಾಗಿ ಭಾವನವರು ಹನ್ನೊಂದು ಸಲ ಶಿವಾಜಿನಗರಕ್ಕೆ ಹೋದ ಲೆಕ್ಕ ಪುಸ್ತಕದಲ್ಲಿದೆ. ದೀಪದ ಬೆಲೆಗಿಂತ ಆಟೋ ಬಾಡಿಗೆ ಹೆಚ್ಚು.

ಮಲ್ಲೇಶ್ವರದಲ್ಲಿ ಭಾವನವರಿಗೆ ಇಬ್ಬರು ಸಹೋದ್ಯೋಗಿಗಳಿದ್ದರು. ಒಬ್ಬರದು ಪ್ರೀಮಿಯರ್ ಪದ್ಮಿನಿ, ಇನ್ನೊಬ್ಬರದು ಕಾರ್ಖಾನೆಯ ಹರಾಜಿನಲ್ಲಿ ಕೊಂಡ ಅಂಬಾಸಡರ್. ಮೂವರೂ ಭೇಟಿಯಾದರೆ ಮೊದಲು ಕಾರುಗಳ ಆರೋಗ್ಯ ವಿಚಾರಣೆ, ಆಮೇಲೆ ಹೆಂಡತಿ ಮಕ್ಕಳದು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲು ಮಾತ್ರ ಎಂದಾದಾಗ ಅಂಬಾಸಡರಿನವರು ಬಹಳ ಚಿಂತೆಗೊಳಗಾದರು. ಹಳೆಯ ಎಂಜಿನ್ನುಗಳಲ್ಲಿ ವಾಲ್ವು ಕೂರುವ ಜಾಗದ ಲೋಹ ಮೃದು; ಪೆಟ್ರೋಲಿನ ಸೀಸ ಅದು ಸವೆಯದಂತೆ ಕಾಯುತ್ತಿತ್ತು. ಅವರು ಎಂಜಿನ್ನಿನ ತಲೆಯನ್ನು ಬಿಚ್ಚಿಸಿ ಗಟ್ಟಿ ಲೋಹದ ಬಳೆಗಳನ್ನು ಹಾಕಿಸಿಕೊಂಡರು. ಸೀಸ ಹೋದದ್ದು ಮಕ್ಕಳ ಮಿದುಳಿಗೆ ಒಳ್ಳೆಯದಾಯಿತು. ಕಾರುಗಳು ಹೇಗೋ ಹೊಂದಿಕೊಂಡವು.

ಇಷ್ಟೆಲ್ಲ ಹೇಳಿದ ಮೇಲೆ ಅಪ್ರಿಯವಾದ ಒಂದು ಸತ್ಯವನ್ನೂ ಹೇಳಬೇಕು. ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾದದ್ದು 1995ರಲ್ಲಿ. ಭಾವನವರ ಕಾರು ಅದಕ್ಕೂ ಹಿಂದಿನದು. ಹೊಗೆ ತಪಾಸಣೆಯ ಚೀಟಿ ಪಡೆದಿದ್ದರೂ ಅದು ಹಳೆಯ ಕಾರಿಗೆ ಅನ್ವಯಿಸುವ ಸಡಿಲವಾದ ಮಿತಿಯ ಚೀಟಿ. ದೆಹಲಿಯಲ್ಲಿ 2015ರಲ್ಲಿ ಹಸಿರು ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟು 15 ವರ್ಷ ಮೀರಿದ ಪೆಟ್ರೋಲ್ ಕಾರುಗಳ ವಿರುದ್ಧ ಆದೇಶ ಕೊಟ್ಟಾಗ ನಾನು ತರಗತಿಯಲ್ಲಾಗಿದ್ದರೆ ಅದನ್ನು ಸಮರ್ಥಿಸಿಯೇ ಪಾಠ ಹೇಳುತ್ತಿದ್ದೆ. ನಮ್ಮ ಮನೆಯದೆಂದ ಮಾತ್ರಕ್ಕೆ ಹೊಗೆ ಧೂಪವಾಗುವುದಿಲ್ಲ.

ಕಾನೂನೂ ಬಿಗಿಯಾಗುತ್ತ ಬಂದಿದೆ. 2022ರ ಏಪ್ರಿಲಿನಿಂದ ಹಳೆಯ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟಿನಲ್ಲಿ 20 ವರ್ಷ ಮೀರಿದ ಕಾರಿಗೆ 10,000 ರೂಪಾಯಿ ಎಂದಾಯಿತು. 2021ರ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ‘ವಿಂಟೇಜ್’ ಎಂಬ ಗೌರವವುಂಟು. ನಮ್ಮದು ಅದಕ್ಕೆ 2041ರವರೆಗೆ ಕಾಯಬೇಕು. ಹಳೆಯದು ಹೌದು, ಪುರಾತನವಲ್ಲ. ನನ್ನಂಥ ನಿವೃತ್ತರ ಸ್ಥಿತಿಯೇ ಅದರದೂ. ಇದರ ಜೊತೆಗೆ ಎಥೆನಾಲ್. ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಪ್ರಧಾನಿಗಳು 2023ರ ಫೆಬ್ರವರಿಯಲ್ಲಿ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ. ಅದು ಹಳೆಯ ರಬ್ಬರು ಕೊಳವೆಗಳನ್ನು ಮೆತ್ತಗಾಗಿಸುತ್ತದೆ. ಗಾಳಿಯ ತೇವವನ್ನು ಹೀರುವುದರಿಂದ ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ತುಕ್ಕು ಹಿಡಿಯುತ್ತದೆ. ಮೆಟ್ರೋ ಬಂದ ಮೇಲೆ ಭಾವನವರ ಕಾರು ನಿಲ್ಲುವುದೇ ಹೆಚ್ಚಾಗಿತ್ತು.

ಈಗ ಪಂಚಾಯಿತಿಯ ಮಾತು. ಭಾವನವರಿಗೆ ಎಪ್ಪತ್ತೆಂಟು ದಾಟಿದೆ. ಎರಡೂ ಮಂಡಿಗಳ ಶಸ್ತ್ರಚಿಕಿತ್ಸೆಯಾಗಿ ಕ್ಲಚ್ ಒತ್ತಲು ಕಷ್ಟ. ಮನೆಯ ಮೂರು ಮೆಟ್ಟಿಲಿಗೆ ಇಳಿಜಾರು ಕಟ್ಟಿಸಿ, ಕೈಪಿಡಿ ಹಾಕಿಸಬೇಕೆಂದು ವೈದ್ಯರ ಸಲಹೆ. ಅದಕ್ಕೆ ಇರುವ ಒಂದೇ ಜಾಗ ಪೋರ್ಟಿಕೋ. ಅಲ್ಲಿ ಸುಮಾರು 15 ಅಡಿ ಉದ್ದದ ಕಾಂಟೆಸ್ಸಾ. ‘ಮಾರುತಿ 800 ಆಗಿದ್ರೆ ಹನ್ನೊಂದು ಅಡಿಗೆ ಮುಗೀತಿತ್ತು’ ಎಂದು ಅಕ್ಕ ಅಂದಳು. ‘ಕಾರಿಗೆ ನೆರಳುಂಟು. ಇವರಿಗೆ ನಡೆಯೋಕೆ ದಾರಿ ಇಲ್ಲ. ನೀನೇ ಹೇಳಪ್ಪ, ಮೇಷ್ಟ್ರಲ್ವಾ.’

ಭಾವನವರು ಮಾತಾಡಲಿಲ್ಲ. ನಾನು ಇತಿಹಾಸದ ಪರ ವಾದಿಸಲು ಸಿದ್ಧನಾಗಿಯೇ ಹೋಗಿದ್ದೆ. ಇಂಥ ಕಾರುಗಳು ಎಷ್ಟು ಉಳಿದಿವೆ, ಇದೊಂದು ದಾಖಲೆ, ಹೀಗೆಲ್ಲ. ಅಷ್ಟರಲ್ಲಿ ಮೇಸ್ತ್ರಿ ಬಂದ. ಅವನಿಗೂ ಕೂದಲು ಹಣ್ಣಾಗಿದೆ. ಕೂರಿಸಿ, ಕಾಫಿ ಕೊಟ್ಟು, ಕಾರು ಇನ್ನೆಷ್ಟು ವರ್ಷ ಓಡೀತು ಎಂದು ಕೇಳಿದೆವು.

‘ಎಂಜಿನ್ ಇನ್ನೂ ಇಪ್ಪತ್ತು ವರ್ಷ ಓಡುತ್ತೆ ಸಾರ್. ನಾನು ಓಡಲ್ಲ. ಕಣ್ಣು ಮಂಜು. ಮಗ ಕಂಪ್ಯೂಟರ್ ಹಾಕಿ ರಿಪೇರಿ ಮಾಡೋನು. ಕಾರ್ಬೊರೇಟರ್ ಬಿಚ್ಚು ಅಂದ್ರೆ ನಗ್ತಾನೆ. ನಾಳೆ ಬ್ರೇಕು ಹೋದ್ರೆ ಯಾರ್ನ ಕರೀತೀರಿ?’

ಆ ಮಾತು ನನ್ನ ವಾದವನ್ನು ಮುಗಿಸಿತು. ನಾವು ಕಾರಿಗೆ ವಯಸ್ಸಾಯಿತೆಂದು ಲೆಕ್ಕ ಹಾಕುತ್ತಿದ್ದೆವು. ವಯಸ್ಸಾದದ್ದು ಅದನ್ನು ಬಲ್ಲವರಿಗೆ. ಕೊರತೆಯ ಕಾಲ ಆ ಷೆಡ್ಡುಗಳಲ್ಲಿ ಒಂದು ವಿಶ್ವವಿದ್ಯಾನಿಲಯವನ್ನೇ ನಡೆಸಿತ್ತು. ಅದಕ್ಕೆ ಪಠ್ಯಪುಸ್ತಕವಿರಲಿಲ್ಲ, ಪದವಿಪತ್ರವಿರಲಿಲ್ಲ, ಬಿ.ಎಡ್. ಓದಿದ ನನ್ನಂಥವರು ಅದನ್ನು ವಿದ್ಯೆ ಎಂದು ಗುರುತಿಸಲೂ ಇಲ್ಲ. ಮಾರುಕಟ್ಟೆ ತೆರೆದು ಹೊಸ ಕಾರುಗಳು ಬಂದವು. ಅದು ಒಳ್ಳೆಯದೇ ಆಯಿತು. ಜೊತೆಗೇ ಆ ವಿದ್ಯೆ ಬರೆದಿಡುವವರಿಲ್ಲದೆ ಮುಗಿಯುತ್ತಿದೆ.

ಕೊನೆಗೆ ಭಾವನವರೇ ತೀರ್ಮಾನ ಮಾಡಿದರು. ಕಾರು ಗುಜರಿಗೆ ಹೋಗಲಿಲ್ಲ. ಮಲ್ಲೇಶ್ವರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಳೆಯ ಗಾಡಿಗಳನ್ನು ಕೈಯಾರೆ ಸರಿಪಡಿಸುವ ಹವ್ಯಾಸದವನು. ತಿಂಗಳಿಗೆ ಒಂದೆರಡು ಸಲವಷ್ಟೇ ಓಡಿಸುತ್ತೇನೆ, ಎಥೆನಾಲಿಗೆ ತಡೆಯುವ ಕೊಳವೆಗಳನ್ನು ಮೊದಲು ಹಾಕಿಸುತ್ತೇನೆ ಎಂದು ಒಪ್ಪಿಕೊಂಡಿದ್ದಾನೆ. ಭಾವನವರು ಹಣ ಕೇಳಲಿಲ್ಲ; ಒಂದೇ ಷರತ್ತು ಹಾಕಿದರು. ಮೇಸ್ತ್ರಿ ನಡೆದಾಡುವಷ್ಟು ಕಾಲ ಪ್ರತಿ ಶನಿವಾರ ಅವನನ್ನು ಕರೆಸಿ, ಕೂಲಿ ಕೊಟ್ಟು, ಕೆಲಸ ಕಲಿಯಬೇಕು. ಕಲಿತದ್ದನ್ನು ಲೆಕ್ಕದ ಪುಸ್ತಕದ ಉಳಿದ ಪುಟಗಳಲ್ಲಿ ಬರೆಯಬೇಕು. ಮೇಸ್ತ್ರಿ ಮೊದಲು ನಕ್ಕ. ಆಮೇಲೆ, ಬೆಳಿಗ್ಗೆ ಹತ್ತಕ್ಕೆ ಬರ್ತೀನಿ, ಅದಕ್ಕಿಂತ ಮುಂಚೆ ಆಗಲ್ಲ ಎಂದ.

ಪುಸ್ತಕವನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಅಕ್ಕ ಹೇಳಿದಳು. ಅದು ಕಾರಿನ ಜೊತೆಗೇ ಇರಬೇಕೆಂದು ನಾನು ಹೇಳಿದೆ. ಇಡೀ ಪಂಚಾಯಿತಿಯಲ್ಲಿ ನನ್ನದೆಂದು ನಡೆದದ್ದು ಅದೊಂದೇ ಮಾತು. ಗಾಂಧಿಬಜಾರಿನಲ್ಲಿ ಜೆರಾಕ್ಸ್ ಮಾಡಿಸಿ ಒಂದು ಪ್ರತಿಯನ್ನು ಅಕ್ಕನ ಕೈಗೆ ಕೊಟ್ಟೆ.

ಕಾರು ಹೋದ ದಿನ ಅಕ್ಕ ಅದರ ನಾಲ್ಕು ಚಕ್ರಗಳಿಗೂ ನಿಂಬೆಹಣ್ಣು ಇಟ್ಟು, ಆರತಿ ಮಾಡಿ, ಮಗಳನ್ನು ಕಳಿಸಿಕೊಡುವಂತೆ ಕಳಿಸಿದಳು. ಮರುದಿನ ಗಾರೆಯವರು ಬಂದು ಇಳಿಜಾರಿಗೆ ಗುರುತು ಹಾಕಿದರು. ಪಕ್ಕದಲ್ಲಿ ಒಂದೂವರೆ ಅಡಿ ಜಾಗ ಮಿಕ್ಕಿದೆ. ಅಲ್ಲಿ ದಾಸವಾಳದ ಗಿಡ ನೆಡುವುದೆಂದು ತೀರ್ಮಾನವಾಗಿದೆ. ಈಗ ಪ್ರತಿ ಭಾನುವಾರ ಭಾವನವರು ಆ ವಿದ್ಯಾರ್ಥಿಗೆ ಫೋನು ಮಾಡಿ ಕೇಳುವ ಪ್ರಶ್ನೆ ಒಂದೇ: ‘ಗಾಜಿನ ಕೆಳಗಿನ ಎಲೆ ತೆಗೆದ್ಯಾ?’